ಮಣ್ಣಿನ ಲೆಕ್ಕ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿದರು. ಮಣ್ಣು ಮಾಡಿ ನೋಡು ಎಂದು ಮಾತ್ರ ಹೇಳಲಿಲ್ಲ. ಹೇಳಬೇಕಾದ ಅಗತ್ಯ ಅವರಿಗೆ ಕಂಡಿರಲಾರದು. ಹಳ್ಳಿಯಲ್ಲಿ ಚಟ್ಟದ ಬಿದಿರು ಹಿತ್ತಿಲಿನಲ್ಲಿತ್ತು. ಕಟ್ಟಿಗೆ ಕೊಟ್ಟಿಗೆಯ ಹಿಂದಿತ್ತು. ಹೊರುವ ಹೆಗಲುಗಳು ಬೀದಿಯಲ್ಲಿದ್ದುವು. ಖರ್ಚೆಂಬುದು ಇರಲಿಲ್ಲವೆಂದಲ್ಲ, ಅದು ಹನ್ನೊಂದನೆಯ ದಿನದ ಊಟದೊಡನೆ ಬರುತ್ತಿತ್ತು. ನಗರದಲ್ಲಿ ಬಿದಿರಿಗೆ ಬೆಲೆ, ಹೆಗಲಿಗೆ ಬೆಲೆ, ದೂರಕ್ಕೆ ಬೆಲೆ. ಮನೆಗೂ ಮದುವೆಗೂ ಅಂದಾಜು ಪಟ್ಟಿ ಬರೆದು, ನಾಲ್ಕು ಕಡೆ ವಿಚಾರಿಸಿ, ಆಮೇಲೆ ಕೈಹಾಕಬಹುದು. ಸಾವು ಪಟ್ಟಿ ಬರೆಯುವಷ್ಟು ಪುರಸತ್ತು ಕೊಡುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ‘ಎಷ್ಟು?’ ಎಂದು ಕೇಳುವುದಕ್ಕೇ ಅಂದು ನಾಲಿಗೆ ಏಳುವುದಿಲ್ಲ.

ಹಳೆಯ ಮೈಸೂರಿನ ನಮ್ಮ ಕಡೆ ಹೂಳಿದರೂ ಸರಿ, ಸುಟ್ಟರೂ ಸರಿ, ‘ಮಣ್ಣಿಗೆ ಹೋಗಿ ಬಂದೆ’ ಎನ್ನುವುದೇ ರೂಢಿ. ನಾನು ಈಗ ಹೇಳಹೊರಟಿರುವುದು ಅಂಥ ಒಂದು ಮಣ್ಣಿನ ಲೆಕ್ಕ. ಲೆಕ್ಕದ ಪುಸ್ತಕ ನನ್ನ ಬಳಿಯೇ ಇದೆ.

೨೦೨೨ನೆಯ ಇಸವಿಯ ಆಷಾಢ. ರಾಜಾಜಿನಗರದಲ್ಲಿ ನಮ್ಮ ಮನೆಯ ಹಿಂಬದಿಗೆ ಒಂದು ಹಳೆಯ ವಠಾರವಿದೆ. ಅದರ ಕೊನೆಯ ಕೋಣೆಯಲ್ಲಿ ಐವತ್ತರ ಆಸುಪಾಸಿನ ಒಬ್ಬಾತ ಹದಿನಾಲ್ಕು ವರ್ಷಗಳಿಂದ ಒಂಟಿಯಾಗಿದ್ದ. ಕಾಮಾಕ್ಷಿಪಾಳ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಮುಂದೆ ನಿಲ್ಲುವ ಕೆಲಸ. ಮದುವೆಯಾಗಿರಲಿಲ್ಲ, ತಂದೆತಾಯಿ ಇರಲಿಲ್ಲ. ಊರಿನಲ್ಲಿ ಅಣ್ಣನೊಬ್ಬನಿದ್ದಾನೆಂದು ಎಲ್ಲರೂ ಕೇಳಿದ್ದರು, ಕಂಡವರಿಲ್ಲ. ವಠಾರದ ಮುಂಭಾಗದ ಎರಡು ಕೋಣೆಗಳಲ್ಲಿ ಒಬ್ಬ ವಿಧವೆ ಮೆಸ್ಸು ನಡೆಸುತ್ತಾರೆ. ಕಾರ್ಖಾನೆಗಳ ಹುಡುಗರಿಗೆ ಎರಡು ಹೊತ್ತಿನ ಊಟ. ಎಲ್ಲರ ಬಾಯಲ್ಲಿ ಆಕೆ ಮೆಸ್ಸಿನಮ್ಮ. ಈತನ ಊಟವೂ ಅಲ್ಲಿಯೇ. ಪ್ರತಿ ತಿಂಗಳ ಮೊದಲ ತಾರೀಖು ಲೆಕ್ಕ ಚುಕ್ತಾ ಮಾಡಿಬಿಡುತ್ತಿದ್ದನಂತೆ.

ಎದೆನೋವೆಂದು ರಾತ್ರಿ ಹತ್ತಕ್ಕೆ ಆಸ್ಪತ್ರೆಗೆ ಹೋದಾತ ಎರಡು ಗಂಟೆಯ ಹೊತ್ತಿಗೆ ತೀರಿಕೊಂಡ. ಮೂರು ಗಂಟೆಗೆ ಮೆಸ್ಸಿನಮ್ಮ ನಮ್ಮ ಬಾಗಿಲು ತಟ್ಟಿದರು. “ಮೇಷ್ಟ್ರೇ, ಒಂದು ನೋಟ್ ಪುಸ್ತಕ ಹಿಡ್ಕೊಂಡು ಬನ್ನಿ. ದುಡ್ಡು ಕೈ ಬದಲಾಯಿಸೋ ಕಡೆ ಓದಿದೋರು ಒಬ್ಬರು ಇರಬೇಕು” ಎಂದರು. ಮೂವತ್ತು ವರ್ಷ ಕನ್ನಡ ಪಾಠ ಹೇಳಿ ನಿವೃತ್ತನಾದ ನನಗೆ, ನನ್ನ ಓದು ಇಷ್ಟು ನೇರವಾಗಿ ಯಾರಿಗಾದರೂ ಬೇಕಾದದ್ದು ಅದೇ ಮೊದಲು.

ಆ ಬೆಳಗಿನ ಬರಹ ಹೀಗಿದೆ. ಶವವಾಹನಕ್ಕೆ ೩,೦೦೦. ಬಿದಿರು, ಹುಲ್ಲು, ಹಗ್ಗ, ಮಡಕೆ, ಹೊಸ ಬಟ್ಟೆ ಸೇರಿ ೧,೮೦೦. ಹೂವು ಹಾರಗಳಿಗೆ ೧,೨೦೦. ತಮಟೆಯವರಿಗೆ ೨,೦೦೦. ದಾರಿಯಲ್ಲಿ ಎರಚಲು ಪುರಿ ಮತ್ತು ಚಿಲ್ಲರೆ ಕಾಸಿಗೆ ೨೦೦. ಪಾಲಿಕೆಯ ರಸೀದಿ ೨೫೦. ಸುಡುಗಾಡಿನಲ್ಲಿ ದುಡಿದವರ ಕೈಗೆ ೧,೦೦೦. ಬಂದವರ ಕಾಫಿ, ತಿಂಡಿಗೆ ೬೫೦. ಆಮೇಲೆ ಮೂರನೆಯ ದಿನದ ಹಾಲು ತುಪ್ಪಕ್ಕೆ ೯೦೦. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ನಾಲ್ವರು ಬೂದಿ ಒಯ್ದು ಬಂದ ಖರ್ಚು ೩,೪೦೦. ಒಟ್ಟು ೧೪,೪೦೦ ರೂಪಾಯಿ.

ಓದುಗರು ಗಮನಿಸಬೇಕು: ಇದರಲ್ಲಿ ಸರಕಾರಕ್ಕೆ ಸಂದದ್ದು ೨೫೦. ಸುಡುವ ಕೆಲಸಕ್ಕೆ ನಗರದಲ್ಲಿ ತಗಲುವ ವೆಚ್ಚ ಇಷ್ಟೇ ಎಂದು ಯಾರಾದರೂ ಹೇಳಿದರೆ ಅದು ಸುಳ್ಳಲ್ಲ, ನಿಜವೂ ಅಲ್ಲ.

ಶವವಾಹನದವನು ಮೊದಲು ಕೇಳಿದ್ದು ಮೂರೂವರೆ ಸಾವಿರ. ಮೆಸ್ಸಿನಮ್ಮ ಚೌಕಾಸಿಗೆ ನಿಂತರು. ಬಿದಿರಿನ ಅಂಗಡಿಯಲ್ಲಿ, ಹೂವಿನವಳ ಮುಂದೆ, ಎಲ್ಲ ಕಡೆಯೂ ಗಟ್ಟಿ ದನಿಯಲ್ಲಿ ‘ಎಷ್ಟು? ಯಾಕಷ್ಟು?’ ಎಂದು ಕೇಳಿದರು. ವಠಾರದ ಗಂಡಸರು ಮುಖ ಕೆಳಗೆ ಹಾಕಿದರು. ನನಗೂ ಸಂಕೋಚವಾಯಿತೆಂದು ಒಪ್ಪಿಕೊಳ್ಳುತ್ತೇನೆ. ಮೆಲ್ಲಗೆ ಹತ್ತಿರ ಸರಿದು, “ಇಂಥ ಹೊತ್ತಿನಲ್ಲಿ ಬೇಡವಾಗಿತ್ತೇನೋ ಅಮ್ಮ” ಎಂದೆ. “ಸತ್ತೋನ ಹೆಸರಲ್ಲಿ ಚೌಕಾಸಿ ಮಾಡಬಾರದು ಅಂತೀರಾ ಮೇಷ್ಟ್ರೇ? ಸತ್ತೋನು ಕೊಡೋದಿಲ್ಲ. ಕೊಡೋಳು ನಾನು. ಬರ್ಕೊಳ್ಳಿ, ಮೂರು ಸಾವಿರ” ಎಂದರು.

ನಿಜವಾಗಿ ಕೊಡುವವರು ಆಕೆಯೇ ಎಂದು ಆಗ ನನಗೆ ತಿಳಿದಿರಲಿಲ್ಲ. ಒಂಬತ್ತು ಮನೆಗಳವರು ಸೇರಿಸಿದ್ದು ೪,೩೦೦. ನನ್ನ ೫೦೦ ಅದರಲ್ಲಿಯೇ. ಕಾರ್ಖಾನೆಯ ಯಜಮಾನ ಹುಡುಗನ ಕೈಯಲ್ಲಿ ೨,೦೦೦ ಕಳಿಸಿದ್ದ. ಮಿಕ್ಕಿದ್ದಕ್ಕೆ ಏನು ದಾರಿ ಎಂದು ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತಿರುವಾಗ ಮೆಸ್ಸಿನಮ್ಮ ಅರ್ಧ ಗಂಟೆ ಕಾಣೆಯಾಗಿ ಬಂದರು. ‘ಇದೆ, ನಡೀರಿ’ ಎಂದಷ್ಟೇ ಹೇಳಿದರು.

ಶ್ರೀರಾಮಪುರದ ಮಗ್ಗುಲಿನ ಹರಿಶ್ಚಂದ್ರ ಘಾಟಿಗೆ ಹೊರಟೆವು. ಹೆಂಗಸರು ಅಲ್ಲಿಗೆ ಬರುವ ಪದ್ಧತಿಯಿಲ್ಲವೆಂದು ಯಾರೋ ಹಿರಿಯರು ತಡೆದರು. “ನನ್ನ ದುಡ್ಡು ಬರಬಹುದು, ನಾನು ಬರಬಾರದಾ?” ಎಂದು ಆಕೆ ವಾಹನ ಹತ್ತಿಯೇಬಿಟ್ಟರು.

ಕಾಶಿಯ ಹರಿಶ್ಚಂದ್ರ ಘಾಟಿನ ಕೆಳಗೆ ಗಂಗೆಯುಂಟು. ನಮ್ಮ ಘಾಟಿಗೆ ನದಿಯಿಲ್ಲ. ಸುತ್ತ ಮನೆಗಳು, ಅಂಗಡಿಗಳು, ಒಳಗೆ ವಿದ್ಯುತ್ತಿನ ಚಿತಾಗಾರ. ಆದರೂ ಹೆಸರಿಟ್ಟವರು ಸರಿಯಾಗಿಯೇ ಇಟ್ಟರೆಂದು ನನಗೆ ತೋರುತ್ತದೆ. ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ವನ್ನು ನಾನು ಎಷ್ಟೋ ತರಗತಿಗಳಿಗೆ ಪಾಠ ಹೇಳಿದ್ದೇನೆ. ಪಾಠದಲ್ಲಿ ನಾವು ಒತ್ತು ಕೊಡುವುದು ಸತ್ಯಕ್ಕೆ. ಪರೀಕ್ಷೆಯಲ್ಲಿ ಪ್ರಶ್ನೆ ಬರುವುದೂ ಸತ್ಯದ ಮೇಲೆಯೇ. ಆದರೆ ಆ ಕಥೆಯ ಕಟ್ಟಕಡೆಯ ಪರೀಕ್ಷೆ ನಡೆಯುವುದು ಎಲ್ಲಿ? ಸುಡುಗಾಡಿನ ಸುಂಕದ ಕಟ್ಟೆಯಲ್ಲಿ. ಹಾವು ಕಚ್ಚಿ ಸತ್ತ ಲೋಹಿತಾಶ್ವನನ್ನು ಹೊತ್ತು ತಂದ ತಾಯಿಯ ಬಳಿ ಕಾಸಿಲ್ಲ. ಸುಡುಗಾಡು ಕಾಯುವವನು ಕಾಸಿಲ್ಲದೆ ಸುಡಗೊಡುವಂತಿಲ್ಲ. ಆತ ವೀರಬಾಹುವಿಗೆ ಕೊಂಡುಹೋದ ಆಳು. ಇಬ್ಬರೂ ಗಂಡ ಹೆಂಡಿರು. ಸತ್ತಿರುವುದು ಇಬ್ಬರ ಮಗ. ಆದರೂ ಸುಂಕ ಸುಂಕವೇ. ಈ ನಾಡಿನ ದೊಡ್ಡ ಕಾವ್ಯವೊಂದು ಹೆಣದ ಖರ್ಚನ್ನು ನಡುವೆ ನಿಲ್ಲಿಸಿಕೊಂಡು ತನ್ನ ಕೊನೆಯ ಮಾತನ್ನು ಆಡಿದೆಯೆಂದು ನಾನು ಯಾವ ವಿದ್ಯಾರ್ಥಿಗೂ ಹೇಳಿರಲಿಲ್ಲ. ನನಗೇ ಹೊಳೆದಿರಲಿಲ್ಲ. ಸುಡುಗಾಡಿಗೆ ಹೆಂಗಸರು ಬರುವುದಿಲ್ಲವೆಂದು ತಡೆದ ಹಿರಿಯರಿಗೆ ಚಂದ್ರಮತಿಯ ನೆನಪೂ ಇದ್ದಂತೆ ಕಾಣಲಿಲ್ಲ.

ಸರದಿಗೆ ಕಾಯುತ್ತ ಕಲ್ಲುಬೆಂಚಿನ ಮೇಲೆ ಕುಳಿತಾಗ ಗಾಳಿಗೆ ಮೆಸ್ಸಿನಮ್ಮನ ತಲೆಯ ಸೆರಗು ಜಾರಿತು. ಕಿವಿಗಳು ಬರಿದಾಗಿದ್ದುವು. ಆ ಓಲೆಗಳನ್ನು ನಾನು ವರ್ಷಗಳಿಂದ ನೋಡಿದ್ದೆ. ಮೆಸ್ಸಿನ ಒಲೆಯ ಬೆಳಕಿಗೆ ಹೊಳೆಯುವುವು. ನಾನು ನೋಡಿದ್ದನ್ನು ಆಕೆಯೂ ನೋಡಿದರು. ಸೆರಗನ್ನು ಮೇಲಕ್ಕೆಳೆದುಕೊಂಡರು, ಮಾತಾಡಲಿಲ್ಲ.

ರಾಜಕುಮಾರರ ‘ಸತ್ಯ ಹರಿಶ್ಚಂದ್ರ’ ಚಿತ್ರ ತೆರೆಗೆ ಬಂದದ್ದು ೧೯೬೫ರಲ್ಲಿ. ಅನಂತಮೂರ್ತಿಯವರ ‘ಸಂಸ್ಕಾರ’ ಪ್ರಕಟವಾದದ್ದೂ ಅದೇ ವರ್ಷ. ಎರಡನ್ನೂ ಒಟ್ಟಿಗೆ ನೆನೆಯುವವರು ವಿರಳ. ಆದರೆ ‘ಸಂಸ್ಕಾರ’ದಲ್ಲಿಯೂ ಅಗ್ರಹಾರದ ನಡುವೆ ಹೆಣವೊಂದು ಕಾಯುತ್ತಿದೆ, ಅದರ ಖರ್ಚಿಗೆಂದು ಚಂದ್ರಿ ಮೈಮೇಲಿನ ಚಿನ್ನವನ್ನು ಬಿಚ್ಚಿ ಪ್ರಾಣೇಶಾಚಾರ್ಯರ ಮುಂದಿಡುತ್ತಾಳೆ. ಚಿನ್ನ ಕಂಡೊಡನೆ ಧರ್ಮಸಂಕಟದ ಜೊತೆಗೆ ಆಸೆಯೂ ಹುಟ್ಟಿಕೊಂಡು ಗೋಜಲು ಹೆಚ್ಚುತ್ತದೆಯೇ ಹೊರತು ಹೆಣ ಏಳುವುದಿಲ್ಲ. ಕಡೆಗೆ ರಾತ್ರಿಯಲ್ಲಿ ಅದನ್ನು ಸುಡಲು ನೆರವಾದವನು ಮೀನಿನ ವ್ಯಾಪಾರಿ ಅಹಮದ್ ಬ್ಯಾರಿ. ವಿಮರ್ಶಕರು ಆ ಕೃತಿಯಲ್ಲಿ ಏನೇನನ್ನೋ ಕಂಡಿದ್ದಾರೆ. ಘಾಟಿನ ಬೆಂಚಿನ ಮೇಲೆ ನನಗೆ ಕಂಡದ್ದು ಚಂದ್ರಿಯ ಚಿನ್ನ ಒಂದೇ.

ಸುಡುವ ಸುಂಕವನ್ನು ಅಳಿಸಿಹಾಕುವುದು ಸರಕಾರಕ್ಕೆ ಅಸಾಧ್ಯವೇನಲ್ಲ. ಅದನ್ನು ನಾವು ಕಣ್ಣಾರೆ ಕಂಡಿದ್ದೇವೆ. ೨೦೨೦ರಲ್ಲಿ, ಕೊರೋನ ಬಂದ ವರ್ಷ, ಆ ರೋಗದಿಂದ ಸತ್ತವರ ದಹನವನ್ನು ಬೆಂಗಳೂರಿನಲ್ಲಿ ಉಚಿತವೆಂದು ಸಾರಿದರು. ದಹನಕ್ಕೆ ೨೫೦, ಚಟ್ಟಕ್ಕೆ ೯೦೦, ಬೂದಿ ಸಂಗ್ರಹಕ್ಕೆ ೧೦೦, ಹೀಗೆ ೧,೨೫೦ ರೂಪಾಯಿಯನ್ನು ಪಾಲಿಕೆಯೇ ಹೊತ್ತುಕೊಂಡಿತು. ಚಿತಾಗಾರದ ನೌಕರರಿಗೆ ಹೆಣವೊಂದಕ್ಕೆ ೫೦೦ ರೂಪಾಯಿ ಪ್ರೋತ್ಸಾಹಧನವೆಂದೂ ಹೇಳಿತು. ಮರುವರ್ಷದ ಏಪ್ರಿಲ್, ಮೇ ತಿಂಗಳುಗಳಲ್ಲಿ ನಮ್ಮ ಪಡುವಣ ಬೆಂಗಳೂರಿನ ಸುಮನಹಳ್ಳಿ, ಕೆಂಗೇರಿಗಳ ಚಿತಾಗಾರಗಳ ಮುಂದೆ ಆಂಬುಲೆನ್ಸುಗಳು ಸಾಲುಗಟ್ಟಿ ನಿಂತವು. ಚಾಮರಾಜಪೇಟೆಯ ಚಿತಾಗಾರದ ಮುಂದೆ, ಸಿನೆಮಾ ಮಂದಿರದ ಮುಂದೆ ತೂಗುಹಾಕುವಂತೆ, ‘ಹೌಸ್ ಫುಲ್’ ಎಂಬ ಫಲಕ ಬಿತ್ತು. ಮಾಗಡಿ ರಸ್ತೆಯ ತಾವರೆಕೆರೆಯ ಬಳಿ ಬಯಲಿನಲ್ಲಿಯೇ ಚಿತೆಗಳನ್ನು ಹೂಡಿದರು. ಯಾರೂ ಕೇಳಿಕೊಂಡು ಬಾರದ ಐನೂರಕ್ಕೂ ಹೆಚ್ಚು ಮಂದಿಯ ಬೂದಿಯನ್ನು ಅಂದಿನ ಕಂದಾಯ ಸಚಿವ ಆರ್. ಅಶೋಕ ಅವರು ಜೂನ್ ತಿಂಗಳಲ್ಲಿ ಮಳವಳ್ಳಿ ತಾಲೂಕಿನ ಬೆಳಕವಾಡಿಯ ಬಳಿ ಕಾವೇರಿಯಲ್ಲಿ ಬಿಟ್ಟುಬಂದರು. ಸುಡುವುದು ಉಚಿತವಾಗಿದ್ದ ಆ ದಿನಗಳಲ್ಲಿಯೇ ಖಾಸಗಿ ವಾಹನದವರು ಸಾವಿರ ಸಾವಿರ ಕೇಳುತ್ತಾರೆಂಬ ದೂರು ಪತ್ರಿಕೆಗಳಲ್ಲಿ ದಿನವೂ ಬರುತ್ತಿತ್ತು. ಸುಂಕ ಹೋಯಿತು, ಸುಂಕದ ಕಟ್ಟೆ ಆಸ್ಪತ್ರೆಯ ಬಾಗಿಲಿಗೆ ಬಂದು ಕುಳಿತಿತು.

ಇನ್ನೊಂದು ಮಾತು. ಸುಡುಗಾಡಿನ ನೌಕರರನ್ನು ‘ಸತ್ಯ ಹರಿಶ್ಚಂದ್ರ ಬಳಗ’ ಎಂದು ಕರೆಯಬೇಕೆಂದು ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ೨೦೨೨ರ ನವೆಂಬರಿನಲ್ಲಿ ಸಾರಿದರು. ಅವರ ಕೆಲಸವನ್ನು ಕಾಯಂ ಮಾಡುವ ಮಾತನ್ನೂ ಆಡಿದರು. ಹೆಸರು ಚೆನ್ನಾಗಿದೆ. ನಮ್ಮ ಪುಸ್ತಕದಲ್ಲಿ ‘ಕೈಗೆ ೧,೦೦೦’ ಎಂದು ಬರೆದ ಸಾಲು ಲಂಚವೋ ಕೂಲಿಯೋ ಎಂದು ನಾನು ಅಂದು ತಡವರಿಸಿದ್ದೆ. ಮೆಸ್ಸಿನಮ್ಮ ಅಲ್ಲೊಂದರಲ್ಲಿಯೇ ಚೌಕಾಸಿ ಮಾಡಲಿಲ್ಲ.

ಅಣ್ಣ ಬಂದದ್ದು ಮಧ್ಯಾಹ್ನ ಒಂದು ಗಂಟೆಗೆ, ಬಸ್ಸಿಳಿದು ನೇರವಾಗಿ ಘಾಟಿಗೆ. ಒಣಗಿದ ಮೈ, ಮಾಸಿದ ಪಂಚೆ. ಕರ್ಪೂರ ಹಚ್ಚಿದ, ತಮ್ಮನ ಬಾಯಿಗೆ ಅಕ್ಕಿ ಹಾಕಿದ, ಬಾಗಿಲು ಮುಚ್ಚುವವರೆಗೂ ನೋಡುತ್ತ ನಿಂತ. ಸಂಜೆಯ ಬಸ್ಸಿಗೆ ಹೊರಟುಹೋದ.

ಎರಡು ವಾರ ಕಳೆದ ಮೇಲೆ ಕಾರ್ಖಾನೆಯ ಗುಮಾಸ್ತೆಯೊಬ್ಬ ಬಂದು, ಸತ್ತಾತ ಇ.ಎಸ್.ಐ. ವಿಮಾದಾರನಾಗಿದ್ದನೆಂದೂ ಅಂತ್ಯಕ್ರಿಯೆಯ ಖರ್ಚು ಅಲ್ಲಿಂದ ಬರಬಹುದೆಂದೂ ತಿಳಿಸಿದ. ರಾಜಾಜಿನಗರದವರಿಗೆ ಇ.ಎಸ್.ಐ. ಎಂದರೆ ದೊಡ್ಡ ಆಸ್ಪತ್ರೆ, ಬಸ್ಸಿನ ನಿಲ್ದಾಣ. ಅದಕ್ಕೂ ಚಿತೆಗೂ ಸಂಬಂಧವುಂಟೆಂದು ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ. ನಾನು ಕಾಯಿದೆಯನ್ನು ಹುಡುಕಿ ಓದಿದೆ. ೧೯೪೮ರ ನೌಕರರ ರಾಜ್ಯ ವಿಮಾ ಕಾಯಿದೆಯ ೪೬ನೆಯ ಕಲಮು ಹೇಳಿದ್ದು ಇಷ್ಟು: ವಿಮಾದಾರ ಸತ್ತರೆ ಅವನ ಅಂತ್ಯಕ್ರಿಯೆಯ ವೆಚ್ಚವನ್ನು ಕುಟುಂಬದಲ್ಲಿ ಉಳಿದವರ ಪೈಕಿ ಹಿರಿಯರಿಗೆ ಕೊಡತಕ್ಕದ್ದು, ಅವನಿಗೆ ಕುಟುಂಬವಿಲ್ಲದಿದ್ದರೆ, ಅಥವಾ ಸಾಯುವಾಗ ಅವನು ಕುಟುಂಬದೊಡನೆ ವಾಸವಾಗಿರದಿದ್ದರೆ, ವಾಸ್ತವವಾಗಿ ವೆಚ್ಚ ಮಾಡಿದವರು ಯಾರೋ ಅವರಿಗೆ ಕೊಡತಕ್ಕದ್ದು. ೨೦೨೫ರ ನವೆಂಬರಿನಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಈ ಮಾತು ಉಳಿದುಕೊಂಡಿದೆ. ೨೦೧೯ರಲ್ಲಿ ಇದರ ಮಿತಿಯನ್ನು ೧೦,೦೦೦ದಿಂದ ೧೫,೦೦೦ ರೂಪಾಯಿಗೆ ಏರಿಸಿದ್ದರು.

ಕಾಯಿದೆಯ ಭಾಷೆಯನ್ನು ಹಾಸ್ಯ ಮಾಡುವುದು ನಮ್ಮಂಥವರ ಚಾಳಿ. ಆದರೆ ‘ವಾಸ್ತವವಾಗಿ ವೆಚ್ಚ ಮಾಡಿದವರು’ ಎಂಬ ಆ ಮಾತನ್ನು ಬರೆದವನು ಯಾರೋ, ಒಂದು ವಠಾರವನ್ನು ಕಂಡವನೇ ಇರಬೇಕು. ಒಂಟಿಯಾಗಿ ಸಾಯುವ ಕೆಲಸಗಾರನನ್ನೂ, ರಕ್ತಸಂಬಂಧವಿಲ್ಲದೆ ಅವನನ್ನು ಎತ್ತುವ ಕೈಯನ್ನೂ ಆತ ಮುಂಗಂಡಿದ್ದ. ಇನ್ನೂ ಒಂದು ವಿಚಾರ: ಕೆಲಸಗಾರನ ಸಂಬಳದಲ್ಲಿ ನೂರಕ್ಕೆ ಮುಕ್ಕಾಲು ರೂಪಾಯಿ ಈ ವಿಮೆಗೆ ಮುರಿದುಕೊಳ್ಳುತ್ತಾರೆ. ಹದಿನಾರು ಸಾವಿರ ಸಂಬಳದವನಿಗೆ ತಿಂಗಳಿಗೆ ೧೨೦ ರೂಪಾಯಿ. ಎಂದರೆ ಆತ ತನ್ನ ಮಣ್ಣಿನ ಖರ್ಚನ್ನು ತಾನೇ, ತನಗೆ ತಿಳಿಯದೆ, ತಿಂಗಳು ತಿಂಗಳೂ ಕಟ್ಟುತ್ತ ಬಂದಿದ್ದ. ಹಣ ಇತ್ತು. ಆದರೆ ಬೆಳಗಿನ ಜಾವ ಮೂರು ಗಂಟೆಗೆ ಇರಲಿಲ್ಲ.

ತೊಡಕೆಲ್ಲ ಇರುವುದು ಇಲ್ಲಿಯೇ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ನೋಂದಾಯಿತ ಕೆಲಸಗಾರನ ಅಂತ್ಯಕ್ರಿಯೆಗೆಂದು ೪,೦೦೦ ರೂಪಾಯಿ ಗೊತ್ತುಮಾಡಿತು. ಬಡತನದ ರೇಖೆಯ ಕೆಳಗಿನ ಕುಟುಂಬಗಳಿಗೆ ಮೊದಲು ೧,೦೦೦, ಆಮೇಲೆ ೫,೦೦೦ ರೂಪಾಯಿ ಕೊಡುವ ಅಂತ್ಯಸಂಸ್ಕಾರ ಯೋಜನೆಯನ್ನು ಕರ್ನಾಟಕ ಸರಕಾರ ತಂದಿತು. ಒಂದೊಂದೂ ಒಳ್ಳೆಯದೇ. ಆದರೆ ಅರ್ಜಿ, ಮರಣಪತ್ರ, ರಸೀದಿ, ಸಹಿ ಎಲ್ಲವೂ ಬೂದಿ ಆರಿದ ಮೇಲಿನ ಕೆಲಸ. ಹೆಣಕ್ಕೆ ಬೇಕಾದದ್ದು ಅದೇ ದಿನದ ನಗದು. ಆ ರಾತ್ರಿಗೂ ಈ ನೆರವಿಗೂ ನಡುವೆ ಯಾರದೋ ಕಿವಿಯ ಓಲೆ ಸೇತುವೆಯಾಗಿ ನಿಲ್ಲಬೇಕಾಗಿದೆ. ಜಪಾನಿನಲ್ಲಿ ಸಾವಿನ ಮನೆಗೆ ಹೋಗುವವರು ‘ಕೋದೆನ್’ ಎಂದು ಲಕೋಟೆಯಲ್ಲಿ ಹಣವಿಟ್ಟು ಬಾಗಿಲಲ್ಲಿಯೇ ಕೊಡುತ್ತಾರೆ. ಕೊಟ್ಟವರ ಹೆಸರು ಬರೆದಿಡುತ್ತಾರೆ. ಮುಂದೆ ಅದಕ್ಕೆ ಮರುಕಾಣಿಕೆಯೂ ಸಲ್ಲುತ್ತದೆ. ಮದುವೆಯಲ್ಲಿ ಮುಯ್ಯಿಯನ್ನು ಪೈಸೆ ಬಿಡದೆ ಬರೆದಿಡುವ ನಾವು ಸಾವಿನ ಮನೆಗೆ ಹಾರ ಒಯ್ಯುತ್ತೇವೆ. ಆತನ ಮೇಲೆ ಅಂದು ಹನ್ನೊಂದು ಹಾರಗಳಿದ್ದುವು. ನಾವು ಕೊಂಡ ಹೂವು ಅದರಲ್ಲಿ ಸೇರಿಲ್ಲ.

ಅರ್ಜಿಯನ್ನು ನಾನೇ ತುಂಬಿದೆ. ಕಾಫಿ ತಿಂಡಿಯ ೬೫೦ನ್ನೂ, ಕೈಗೆ ಕೊಟ್ಟ ೧,೦೦೦ವನ್ನೂ ಬಿಟ್ಟು ೧೨,೭೫೦ ಎಂದು ಬರೆದೆ. ಸಹಿ ಹಾಕುವ ಮುನ್ನ ಅಣ್ಣ ಬಂದ. ಅವನಿಗೂ ಯಾರೋ ಹೇಳಿದ್ದರು. ಊರಿನಲ್ಲಿ ತಿಥಿಯ ಊಟಕ್ಕೆ ಸಾಲ ಮಾಡಿದ್ದನಂತೆ. ಮೆಸ್ಸಿನ ಜಗಲಿಯ ಮೇಲೆ ಕುಳಿತು, ನೆಲ ನೋಡುತ್ತ, “ಅಕ್ಕಾ, ಒಡಹುಟ್ಟಿದೋನು ನಾನಿದ್ದೀನಲ್ಲ, ಆ ದುಡ್ಡು ನನಗೆ ಬರಬೇ‌ಕಂತೆ” ಎಂದ. ಬಡವನೊಬ್ಬ ಕೇಳಬಾರದೆಂದು ತಿಳಿದೂ ಕೇಳುವಾಗಿನ ದನಿ ಅದು.

ಮೆಸ್ಸಿನಮ್ಮ ಕೋಪಿಸಿಕೊಳ್ಳಲಿಲ್ಲ. “ಅಣ್ಣಾ, ಊರಿಗೆ ಊಟ ಹಾಕಿದ್ದು ನೀವು. ಮಣ್ಣು ಮಾಡಿದ್ದು ನಾವು. ಮೇಷ್ಟ್ರು ಓದ್ತಾರೆ, ಕೇಳಿ” ಎಂದರು. ನಾನು ಪುಸ್ತಕ ತೆರೆದು ಒಂದೊಂದೇ ಸಾಲು ಓದಿದೆ. ಶವವಾಹನ, ಬಿದಿರು, ಹೂವು. ಆತ ತಲೆಯಾಡಿಸುತ್ತಿದ್ದ. ‘ತಮಟೆಯವರಿಗೆ ೨,೦೦೦’ ಎಂದು ಓದಿದಾಗ ತಲೆಯೆತ್ತಿದ. “ತಮಟೆ ಇತ್ತಾ?” ಎಂದ. ನೇರವಾಗಿ ಘಾಟಿಗೆ ಬಂದವನಿಗೆ ತಮಟೆ ಕೇಳಿರಲಿಲ್ಲ. “ಇಲ್ಲಿಂದ ದೊಡ್ಡ ರಸ್ತೆಗಂಟ ಹೊಡೆಸಿದೆವು” ಎಂದರು ಮೆಸ್ಸಿನಮ್ಮ. ಆತ ಟವೆಲಿನಿಂದ ಮುಖ ಮುಚ್ಚಿಕೊಂಡು ಅಳತೊಡಗಿದ. ಘಾಟಿನಲ್ಲಿ ಅತ್ತಿರಲಿಲ್ಲ. ಆಮೇಲೆ, ಖರ್ಚು ತನ್ನದಲ್ಲವೆಂಬ ಕಾಗದಕ್ಕೆ ತಾನೇ ಕೇಳಿ ಸಹಿ ಹಾಕಿದ. ಮೆಸ್ಸಿನಮ್ಮ ಅವನಿಗೆ ಊಟ ಬಡಿಸಿ, ಬಸ್ಸಿನ ಚಾರ್ಜು ಕೊಟ್ಟು ಕಳಿಸಿದರು. ಅದನ್ನು ಪುಸ್ತಕದಲ್ಲಿ ಬರೆಯಬೇಡಿ ಎಂದರು.

ಹಣ ನಾಲ್ಕು ತಿಂಗಳಿಗೆ ಬಂತು. ಆಕೆ ಮನೆ ಮನೆಗೆ ಹೋಗಿ ೪,೩೦೦ ರೂಪಾಯಿಯನ್ನು ಕೊಟ್ಟವರಿಗೆ ಹಿಂದಿರುಗಿಸಿದರು. ಕೆಲವರು ಬೇಡವೆಂದರು, ಕೈಯಲ್ಲಿ ತುರುಕಿ ಬಂದರು. ಕಾರ್ಖಾನೆಯ ಯಜಮಾನ ಮಾತ್ರ ತನ್ನ ೨,೦೦೦ವನ್ನು ಮುಟ್ಟಲೊಪ್ಪಲಿಲ್ಲ. ಅದು ಕಾಫಿಗೂ ಘಾಟಿನವರ ಕೈಗೂ ಹೋಯಿತೆಂದು ಲೆಕ್ಕ ಸರಿಮಾಡಿದೆವು. ತಮ್ಮ ಪಾಲಿನ ೮,೧೦೦ರಲ್ಲಿ ಓಲೆ ಬಿಡಿಸಿದರು. ಬಡ್ಡಿಗೆ ಸಾಲದ್ದನ್ನು ಕೈಯಿಂದ ಹಾಕಿದರು. ಸತ್ತಾತ ಆ ತಿಂಗಳು ಉಂಡ ಹನ್ನೊಂದು ದಿನದ ಊಟದ ಬಾಕಿಯನ್ನು ನಾನು ನೆನಪಿಸಿದೆ. “ಅದು ಬೇರೆ ಲೆಕ್ಕ ಮೇಷ್ಟ್ರೇ” ಎಂದರು.

ಅದಾದ ಮರುದಿನ ನಮ್ಮ ಮನೆಗೆ ಬಂದು ಒಂದು ಲಕೋಟೆ ಮುಂದಿಟ್ಟರು. ಅದರಲ್ಲಿ ಎರಡು ಸಾವಿರ ರೂಪಾಯಿ. “ನನಗೆ ಇ.ಎಸ್.ಐ. ಇಲ್ಲ, ಮಂಡಳಿ ಇಲ್ಲ. ಇದು ನಿಮ್ಮ ಹತ್ತಿರ ಇರಲಿ. ಆ ಪುಸ್ತಕದಲ್ಲೇ ಹಿಂದಿನ ಹಾಳೆಯಿಂದ ಬರೀರಿ” ಎಂದರು. ಅಂದಿನಿಂದ ಎರಡು ಮೂರು ತಿಂಗಳಿಗೊಮ್ಮೆ ಐನೂರೋ ಸಾವಿರವೋ ಸೇರುತ್ತ ಬಂದಿದೆ. ಪಾಲಿಕೆ ೨೦೨೫ರಲ್ಲಿ ಒಡೆದು ಐದಾಯಿತು, ನಾವು ಪಶ್ಚಿಮ ನಗರ ಪಾಲಿಕೆಯವರಾದೆವು. ಆಗ ಬಂದು, ಘಾಟಿನ ರಸೀದಿಯ ದರ ಏನಾದರೂ ಬದಲಾಯಿತೇ ಎಂದು ವಿಚಾರಿಸಿ ಹೋದರು. ಹೋದ ತಿಂಗಳು ಬಂದಾಗ ಶವವಾಹನದ ಈಗಿನ ಬಾಡಿಗೆ ಕೇಳಿದರು. ನಾನು ತಿಳಿದು ಹೇಳಿದೆ. “ಜಾಸ್ತಿ ಆಯ್ತು, ಐನೂರು ಇಳಿಸಬೇಕು. ನಿಮಗೆ ಚೌಕಾಸಿ ಬರೋದಿಲ್ಲ, ಹೂವಿನವಳನ್ನ ಜೊತೆಗೆ ಕರ್ಕೊಂಡು ಹೋಗಿ” ಎಂದು ಹೇಳಿ, ತಮಟೆಗೆಂದು ಬೇರೆಯಾಗಿ ಸಾವಿರ ರೂಪಾಯಿ ಕೊಟ್ಟು, ಬರೆದದ್ದನ್ನು ಓದಿಸಿ ಕೇಳಿ, ಅಡಿಗೆಗೆ ಹೊತ್ತಾಯಿತೆಂದು ಎದ್ದರು.